‘ನೋಆ’ ಅನ್ನುವ ಹೀಬ್ರೂ ಹೆಸರಿನ ಅರ್ಥ ಏನು? ಮನೆಯಲ್ಲಿ ಎಲ್ಲರಿಗೂ ‘ನೋವಾ’ ಅಂತ ಕೇಳಿಸುತ್ತಿದೆ

ಹಾಸನದ ಸೋದರತ್ತೆ:

ಎಲ್ಲರಿಗೂ ನಮಸ್ಕಾರ. ಒಂದು ಹೆಸರಿನ ವಿಷಯಕ್ಕೆ ನಮ್ಮ ಮನೆಯಲ್ಲಿ ದೊಡ್ಡ ರಾಮಾಯಣವೇ ನಡೆದಿದೆ. ತಿಳಿದವರು ದಯವಿಟ್ಟು ಹೇಳಿ.

ನನ್ನ ತಮ್ಮ, ಅವನ ಹೆಂಡತಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದಾರೆ. ಮುಂದಿನ ತಿಂಗಳು ಹೆರಿಗೆ. ಹೆಣ್ಣುಮಗು ಅಂತ ಅಲ್ಲಿ ಆಗಲೇ ಹೇಳಿದ್ದಾರೆ, ಅಲ್ಲಿ ಹಾಗೆ ಹೇಳುವುದು ಅಪರಾಧ ಅಲ್ಲವಂತೆ. ಇಬ್ಬರೂ ಕೂತು ‘ನೋಆ’ ಅಂತ ಹೆಸರು ಆರಿಸಿದ್ದಾರೆ. ಚಿಕ್ಕ ಹೆಸರು, ಅಲ್ಲಿಯವರ ಬಾಯಿಗೂ ಬರುತ್ತದೆ, ಇಲ್ಲಿಯವರಿಗೂ ಕಷ್ಟ ಇಲ್ಲ ಅನ್ನುವುದು ಅವರ ಲೆಕ್ಕ. ವಿಡಿಯೋ ಕಾಲ್‌ನಲ್ಲಿ ಹೆಸರು ಹೇಳಿದ್ದೇ ತಡ, ನಮ್ಮಮ್ಮ ಗಾಬರಿಯಾಗಿ “ಎಲ್ಲಿ ನೋವು, ಸೊಂಟವಾ?” ಅಂತ ಸೊಸೆಯನ್ನು ಕೇಳಿದರು. ಆಮೇಲೆ ವಿಷಯ ಗೊತ್ತಾದಾಗ ಇನ್ನೂ ಜಾಸ್ತಿ ಬೇಜಾರು ಮಾಡಿಕೊಂಡರು. ಹುಟ್ಟುವ ಕೂಸಿಗೆ ಯಾರಾದರೂ ನೋವಾ ಅಂತ ಹೆಸರಿಡುತ್ತಾರಾ ಅಂತ.

ನಾನು ಸುಮ್ನೆ ಮಕ್ಕಳ ಹೆಸರಿನ ವೆಬ್‌ಸೈಟ್‌ಗಳನ್ನು ನೋಡಿದೆ. ತಲೆ ಕೆಟ್ಟುಹೋಯಿತು. ಒಂದರಲ್ಲಿ ‘ವಿಶ್ರಾಂತಿ’ ಅಂತಿದೆ, ಇನ್ನೊಂದರಲ್ಲಿ ‘ಸಮಾಧಾನ’, ಮತ್ತೊಂದರಲ್ಲಿ ‘ಚಲನೆ’. ಇನ್ನೂ ಒಂದರಲ್ಲಿ ಹವಾಯಿ ದ್ವೀಪದ ಹೆಸರು ಅಂತ ಬರೆದಿದ್ದಾರೆ. ವಿಶ್ರಾಂತಿ, ಚಲನೆ ಎರಡೂ ಒಂದೇ ಹೆಸರಿಗೆ ಹೇಗೆ ಅರ್ಥವಾಗುತ್ತದೆ? ಇದು ಬೈಬಲ್‌ನಲ್ಲಿ ಹಡಗು ಕಟ್ಟಿದ ನೋಹನ ಹೆಸರೇನಾ? ಹಾಗಾದರೆ ಗಂಡಸರ ಹೆಸರಲ್ವಾ?

ಇನ್ನೊಂದು, ಇದನ್ನು ಕನ್ನಡದಲ್ಲಿ ಬರೆಯುವುದು ಹೇಗೆ? ತೊಟ್ಟಿಲ ಶಾಸ್ತ್ರಕ್ಕೆ ಊರಿಗೆ ಬರುತ್ತಾರೆ, ಕಾರ್ಡ್ ಮಾಡಿಸಬೇಕು. ಅವತ್ತು ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ನನ್ನ ಬಾಯಿಂದ ‘ನೋವಾ’ ಅಂತ ಬಂದುಬಿಟ್ಟರೆ ಅಮ್ಮ ಜೀವಮಾನ ಪೂರ್ತಿ ಹೇಳಿಕೊಂಡು ತಿರುಗುತ್ತಾರೆ.


ಕೊಡಗಿನ ಕಾಫಿ:

ನೋಹನ ಹೆಸರೇ ಮೇಡಂ. ಗಂಡಸರ ಹೆಸರು. ಅಮೆರಿಕದಲ್ಲಿ ನನ್ನ ಅಣ್ಣನ ಮಗನ ಕ್ಲಾಸಿನಲ್ಲಿ ಈ ಹೆಸರಿನ ಗಂಡುಮಕ್ಕಳು ಎಷ್ಟೋ ಜನ ಇದ್ದಾರೆ. ಹೆಣ್ಣುಮಗುವಿಗೆ ಬೇಡ. ನಮ್ಮಲ್ಲೇ ಬೇಕಾದಷ್ಟು ಚಿಕ್ಕ ಹೆಸರುಗಳಿವೆಯಲ್ಲ, ಉಮಾ, ರಮಾ, ಇಳಾ. ಎಲ್ಲಿಂದಲೋ ಯಾಕೆ ತರಬೇಕು?


ಅಲೆಫ್ ಬೇತ್:

ಕಾಫಿಯವರೇ, ಸ್ವಲ್ಪ ತಡೆಯಿರಿ. ಇವು ಎರಡು ಬೇರೆ ಬೇರೆ ಹೆಸರುಗಳು. ಇಂಗ್ಲಿಷ್ ಕಾಗುಣಿತದಲ್ಲಿ ಅಕ್ಕಪಕ್ಕ ಬಂದು ನಿಂತಿವೆ, ಅಷ್ಟೇ. ನಾನು ಬೆಂಗಳೂರಿನಲ್ಲಿ ಥಿಯಾಲಜಿ ಓದುವಾಗ ಹೀಬ್ರೂ ಕಲಿಯಲೇಬೇಕಿತ್ತು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಉದ್ದವಾದರೆ ಬೈಯಬೇಡಿ.

ಹೀಬ್ರೂ ಪದಗಳಿಗೆ ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತು ಇರುತ್ತದೆ. ಹಡಗಿನ ನೋಹನ ಹೆಸರಿನಲ್ಲಿ ಕೊನೆಯ ಅಕ್ಷರ ‘ಹೇತ್’. ಗಂಟಲಿನ ಆಳದಿಂದ ಉಜ್ಜಿಕೊಂಡು ಬರುವ ಹಕಾರ ಅದು. ಇಸ್ರೇಲಿನಲ್ಲಿ ಇವತ್ತು ಆ ಹೆಸರನ್ನು ಹೆಚ್ಚುಕಡಿಮೆ ‘ನೋಅಖ್’ ಅನ್ನುತ್ತಾರೆ. ಆ ಧಾತುವಿನ ಅರ್ಥ ವಿಶ್ರಮಿಸು, ನೆಲೆಗೊಳ್ಳು. ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ 8ನೇ ಅಧ್ಯಾಯದಲ್ಲಿ ಹಡಗು ಅರಾರಾಟ್ ಬೆಟ್ಟಗಳ ಮೇಲೆ ‘ನಿಂತಿತು’ ಅನ್ನುವ ಕಡೆ ಇದೇ ಧಾತು ಬರುತ್ತದೆ. ಅವನು ಹಾರಿಬಿಟ್ಟ ಪಾರಿವಾಳಕ್ಕೆ ಕಾಲೂರುವ ಜಾಗ ಸಿಗಲಿಲ್ಲ ಅನ್ನುವಾಗ ಆ ಜಾಗಕ್ಕೆ ಬಳಸಿದ ಪದವೂ ಇದೇ ಧಾತುವಿನದು, ‘ಮಾನೋಅಖ್’. ಕಥೆ ಬರೆದವರು ನಾಯಕನ ಹೆಸರಿನ ಸದ್ದನ್ನು ಕಥೆಯ ಉದ್ದಕ್ಕೂ ಬೇಕೆಂದೇ ಚೆಲ್ಲಿದ್ದಾರೆ.

‘ಸಮಾಧಾನ’ ಅನ್ನುವ ಅರ್ಥವೂ ಅಲ್ಲಿಂದಲೇ ಬಂದದ್ದು. ಆದಿಕಾಂಡ 5ನೇ ಅಧ್ಯಾಯ 29ನೇ ವಚನದಲ್ಲಿ ಅಪ್ಪ ಲೆಮೆಕ್ ಮಗನಿಗೆ ಹೆಸರಿಡುವಾಗ, ದುಡಿದು ಸುಸ್ತಾದ ನಮ್ಮನ್ನು ಇವನು ಸಂತೈಸುತ್ತಾನೆ ಅನ್ನುತ್ತಾನೆ. ಅಲ್ಲಿ ಬಳಸಿರುವ ಕ್ರಿಯಾಪದ ‘ಯೆನಖಮೇನು’, ಅದು ಇನ್ನೊಂದು ಧಾತು. ವ್ಯಾಕರಣದ ಪ್ರಕಾರ ಹೊಂದುವುದಿಲ್ಲ, ಆದರೆ ಸದ್ದು ಹತ್ತಿರ ಇದೆ. ಬೈಬಲ್‌ನಲ್ಲಿ ಹೆಸರಿನ ಅರ್ಥ ಹೇಳುವ ಜಾಗಗಳಲ್ಲಿ ಇಂಥದ್ದು ಬೇಕಾದಷ್ಟಿದೆ. ನಮ್ಮ ಸ್ಥಳಪುರಾಣಗಳಲ್ಲಿ ಊರಿನ ಹೆಸರಿಗೆ ಕಥೆ ಹೇಳುವುದಿಲ್ಲವಾ, ಅದೇ ರೀತಿ.

ಈಗ ನಿಮ್ಮ ಹುಡುಗಿಯ ಹೆಸರು. ‘ನೋಆ’ದಲ್ಲಿ ಇರುವುದು ಹೇತ್ ಅಲ್ಲ, ‘ಅಯಿನ್’. ಅರಬ್ಬಿಯಲ್ಲಿ ಐನ್ ಅನ್ನುತ್ತಾರಲ್ಲ, ಅದರ ಅಣ್ಣ. ಹಳೆಯ ಕಾಲದಲ್ಲಿ ಅದನ್ನು ಗಂಟಲು ಬಿಗಿದು ಹೇಳುತ್ತಿದ್ದರು. ಯೆಮೆನ್ ಕಡೆಯಿಂದ ಇಸ್ರೇಲಿಗೆ ಬಂದ ಯೆಹೂದಿ ಹಿರಿಯರು ಈಗಲೂ ಹಾಗೇ ಹೇಳುತ್ತಾರೆ. ಉಳಿದ ಹೆಚ್ಚಿನ ಇಸ್ರೇಲಿಗಳು ಅದನ್ನು ನುಂಗಿಬಿಟ್ಟಿದ್ದಾರೆ, ಅವರ ಬಾಯಲ್ಲಿ ಸುಮ್ನೆ ‘ನೋ-ಆ’. ಮೊದಲ ಅಕ್ಷರಕ್ಕೆ ಒತ್ತು.

ಈ ಧಾತುವಿನ ಅರ್ಥ ಅಲುಗು, ತೂಗು, ಚಲಿಸು. ಅಂದರೆ ವಿಶ್ರಾಂತಿಗೆ ಪೂರ್ತಿ ಉಲ್ಟಾ! ಬೈಬಲ್‌ನಲ್ಲಿ ಇದು ಬರುವ ಜಾಗಗಳು ಚೆನ್ನಾಗಿವೆ. 1 ಸಮುವೇಲ ಮೊದಲ ಅಧ್ಯಾಯದಲ್ಲಿ ಮಕ್ಕಳಿಲ್ಲದ ಹನ್ನ ದೇವಾಲಯದಲ್ಲಿ ಮನಸ್ಸಿನಲ್ಲೇ ಪ್ರಾರ್ಥಿಸುತ್ತಾಳೆ, ದನಿ ಹೊರಗೆ ಬರುವುದಿಲ್ಲ, ತುಟಿ ಮಾತ್ರ ಅಲುಗುತ್ತದೆ. ಆ ‘ಅಲುಗುತ್ತದೆ’ಗೆ ಇದೇ ಧಾತು. ಅದನ್ನು ನೋಡಿದ ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಳ್ಳುತ್ತಾನೆ. ನ್ಯಾಯಸ್ಥಾಪಕರು 9ರಲ್ಲಿ ಮರಗಳೆಲ್ಲ ಸೇರಿ ರಾಜನನ್ನು ಹುಡುಕುವ ಕಥೆ ಇದೆ. ಆಲಿವ್ ಮರ, ನಾನು ಎಣ್ಣೆ ಕೊಡುವುದು ಬಿಟ್ಟು ನಿಮ್ಮ ತಲೆಯ ಮೇಲೆ ತೂಗಾಡಿಕೊಂಡಿರಲಾ ಅನ್ನುತ್ತದೆ. ಅಲ್ಲೂ ಇದೇ. ಯೆಶಾಯ 24ನೇ ಅಧ್ಯಾಯ 20ನೇ ವಚನದಲ್ಲಿ ಭೂಮಿ ಕುಡುಕನ ಹಾಗೆ ತೂರಾಡುತ್ತದೆ, “ನೋಅ ತಾನುಅ ಎರೆತ್ಸ್”. ಇದನ್ನು ನಾಮಕರಣದ ಕಾರ್ಡಿನಲ್ಲಿ ಹಾಕಬೇಡಿ ಅಷ್ಟೇ.

ಇವತ್ತಿನ ಹೀಬ್ರೂವಿನಲ್ಲೂ ಈ ಧಾತು ಚೆನ್ನಾಗಿ ಓಡಾಡಿಕೊಂಡಿದೆ. ‘ತ್ನುಆ’ ಅಂದರೆ ಚಲನೆ, ರಸ್ತೆಯ ಟ್ರಾಫಿಕ್‌ಗೂ ಅದೇ, ಚಳವಳಿಗೂ ಅದೇ, ವ್ಯಾಕರಣದಲ್ಲಿ ಸ್ವರಕ್ಕೂ ಅದೇ. ಕಾರಿನ ಎಂಜಿನ್‌ಗೆ ‘ಮಾನೋಅ’. ಮೇಲೆ ಪಾರಿವಾಳಕ್ಕೆ ಸಿಗದ ಜಾಗ ‘ಮಾನೋಅಖ್’ ಅಂದೆನಲ್ಲ, ನೋಡಿ, ಕೊನೆಯ ಒಂದು ಅಕ್ಷರ ಬದಲಾದರೆ ಕೂರುವ ಜಾಗ ಹೋಗಿ ಎಂಜಿನ್ ಬರುತ್ತದೆ. ನಿಮ್ಮ ವೆಬ್‌ಸೈಟ್‌ಗಳು ಎರಡೂ ಹೆಸರನ್ನು ಕಲಸಿಬಿಟ್ಟಿವೆ, ಅದಕ್ಕೇ ವಿಶ್ರಾಂತಿ, ಚಲನೆ ಎರಡೂ ಬಂದಿದೆ. ಹವಾಯಿ ಭಾಷೆಯಲ್ಲಿ ಅದೇ ಸದ್ದಿನ ಒಂದು ಪದ ಇರುವುದು ನಿಜ, ‘ಕಪು’ ಅಂದರೆ ನಿಷೇಧ, ಅದಿಲ್ಲದ್ದು ನೋಆ. ಅದಕ್ಕೂ ಹೀಬ್ರೂಗೂ ಸಂಬಂಧ ಇಲ್ಲ.

ಗಂಡಸರ ಹೆಸರು ಅನ್ನುವುದಂತೂ ಖಂಡಿತ ಅಲ್ಲ. ಬೈಬಲ್‌ನ ಅರಣ್ಯಕಾಂಡದಲ್ಲಿ (ರಾಮಾಯಣದ್ದಲ್ಲ) ತ್ಸೆಲೋಫ್ಹಾದ್ ಅನ್ನುವವನಿಗೆ ಐದು ಜನ ಹೆಣ್ಣುಮಕ್ಕಳು: ಮಹ್ಲಾ, ನೋಆ, ಹೊಗ್ಲಾ, ಮಿಲ್ಕಾ, ತಿರ್ತ್ಸಾ. ನಮ್ಮ ನೋಆ ಎರಡನೆಯವಳು. ಇಸ್ರೇಲಿನಲ್ಲಿ 2000ದ ನಂತರ ಎಷ್ಟೋ ವರ್ಷ ಯೆಹೂದಿ ಹೆಣ್ಣುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಇದೇ. ಅಲ್ಲಿ ಒಂದು ಶಾಲೆಯ ಬಾಗಿಲಲ್ಲಿ ನಿಂತು ನೋಆ ಅಂತ ಕೂಗಿದರೆ ತುಂಬಾ ಜನ ತಿರುಗಿ ನೋಡುತ್ತಾರೆ.


ಪಿತ್ರಾರ್ಜಿತ:

ಆ ಐದು ಜನ ಅಕ್ಕತಂಗಿಯರ ಕಥೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರಲ್ಲ ಸರ್! ನಾನು ವಕೀಲೆ, ಹೆಚ್ಚಾಗಿ ಆಸ್ತಿ ಭಾಗದ ಕೇಸುಗಳೇ. ಈ ಕಥೆ ನನಗೆ ಯಾವ ಕಾನೂನು ಪುಸ್ತಕಕ್ಕಿಂತಲೂ ಹತ್ತಿರ, ಅದಕ್ಕೇ ಬರೆಯುತ್ತಿದ್ದೇನೆ.

ಈಜಿಪ್ಟಿನಿಂದ ಹೊರಟ ಇಸ್ರೇಲ್ ಜನ ಇನ್ನೂ ದಾರಿಯಲ್ಲಿದ್ದಾರೆ. ಮುಂದೆ ಸಿಗುವ ಜಮೀನನ್ನು ಕುಲದ ಪ್ರಕಾರ, ಗಂಡಸರ ಹೆಸರಿನಲ್ಲಿ ಹಂಚುವುದು ಅಂತ ತೀರ್ಮಾನವಾಗಿದೆ. ಈ ಹುಡುಗಿಯರ ಅಪ್ಪ ಮರಳುಗಾಡಿನಲ್ಲೇ ತೀರಿಹೋಗಿದ್ದಾನೆ. ಅಣ್ಣತಮ್ಮಂದಿರು ಇಲ್ಲ. ಐದೂ ಜನ ಸೀದಾ ದೇವದರ್ಶನದ ಗುಡಾರದ ಬಾಗಿಲಿಗೆ ಬಂದು, ಮುಂದಾಳು ಮೋಶೆ, ಯಾಜಕ ಎಲ್ಲಾಜಾರ, ಕುಲದ ಮುಖಂಡರು, ನೆರೆದ ಜನ ಎಲ್ಲರ ಎದುರಿಗೆ ನಿಂತು ಕೇಳುತ್ತಾರೆ: ಗಂಡುಮಗ ಇಲ್ಲ ಅನ್ನುವ ಕಾರಣಕ್ಕೆ ನಮ್ಮ ಅಪ್ಪನ ಹೆಸರು ಯಾಕೆ ಅಳಿಯಬೇಕು? ಅಪ್ಪನ ಅಣ್ಣತಮ್ಮಂದಿರ ಜೊತೆ ನಮಗೂ ಪಾಲು ಕೊಡಿ. ವಾದ ಹೂಡಿದ ರೀತಿ ನೋಡಿ, ನಮ್ಮಪ್ಪ ಮೋಶೆಯ ವಿರುದ್ಧ ಎದ್ದ ಕೋರಹನ ದಂಗೆಯಲ್ಲಿ ಸೇರಿದವನಲ್ಲ ಅಂತ ಮೊದಲೇ ಹೇಳಿಬಿಡುತ್ತಾರೆ. ಎದುರು ಪಕ್ಷದವರು ಎತ್ತಬಹುದಾದ ತಕರಾರನ್ನು ಬಾಯಿ ತೆರೆಯುವ ಮೊದಲೇ ಮುಚ್ಚಿದರು. ಮೋಶೆಗೆ ಉತ್ತರ ಗೊತ್ತಿಲ್ಲ, ದೇವರ ಹತ್ತಿರ ಕೇಳುತ್ತಾನೆ. ಈ ಹುಡುಗಿಯರು ಹೇಳುವುದು ಸರಿ ಅಂತ ದೇವರು ಹೇಳುತ್ತಾನೆ. ಆಮೇಲೆ ಅದೇ ಕಾನೂನಾಗುತ್ತದೆ: ಗಂಡುಮಗ ಇಲ್ಲದಿದ್ದರೆ ಮಗಳಿಗೆ, ಮಗಳೂ ಇಲ್ಲದಿದ್ದರೆ ಅಣ್ಣತಮ್ಮಂದಿರಿಗೆ.

ಇಲ್ಲಿಗೆ ಮುಗಿಯಲಿಲ್ಲ. 36ನೇ ಅಧ್ಯಾಯದಲ್ಲಿ ಅದೇ ಕುಲದ ದೊಡ್ಡವರು ಅಪೀಲು ಬರುತ್ತಾರೆ, ಇವರು ಬೇರೆ ಕುಲದವರನ್ನು ಮದುವೆಯಾದರೆ ಜಮೀನು ಆ ಕಡೆ ಹೋಗುತ್ತದಲ್ಲ ಅಂತ. (ನನ್ನ ಕಕ್ಷಿದಾರರ ಅಣ್ಣಂದಿರು ಇವತ್ತಿಗೂ ಇದೇ ಮಾತು ಆಡುತ್ತಾರೆ, ಒಂದಕ್ಷರ ಬದಲಾಗಿಲ್ಲ.) ಕೊನೆಗೆ ಅವರು ತಮ್ಮ ಕುಲದಲ್ಲೇ ಮದುವೆಯಾಗಬೇಕು ಅಂತ ತೀರ್ಪು. ಐದೂ ಜನ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳನ್ನೇ ಮದುವೆಯಾಗುತ್ತಾರೆ. ನಮ್ಮ ಕಡೆಯವರಿಗೆ ಇದನ್ನು ಓದಿದರೆ ಮೈ ಜುಮ್ ಅನ್ನುತ್ತದೆ, ಯಾಕೆಂದರೆ ಸೋದರತ್ತೆ ಮಗ, ಸೋದರಮಾವ ಆದರೆ ಸರಿ, ದೊಡ್ಡಪ್ಪನ ಮಗ ಅಂದರೆ ಅಣ್ಣ! ಏನೇ ಇರಲಿ, ಯೆಹೋಶುವ 17ರಲ್ಲಿ ಇವರು ಮತ್ತೆ ಬಂದು, ನಮಗೆ ಕೊಡುತ್ತೇವೆ ಅಂದಿದ್ದು ಎಲ್ಲಿ ಅಂತ ನೆನಪಿಸಿ, ಪಾಲು ಕೈಗೆ ತೆಗೆದುಕೊಂಡೇ ಹೋಗುತ್ತಾರೆ.

ಯೆಹೂದಿಗಳ ಶಾಸ್ತ್ರಗ್ರಂಥ ತಾಲ್ಮೂದ್‌ನಲ್ಲಿ ರಬ್ಬಿಗಳು, ಅಂದರೆ ಅವರ ಧರ್ಮಪಂಡಿತರು, ಇವರನ್ನು ಬುದ್ಧಿವಂತೆಯರು, ಶಾಸ್ತ್ರ ಬಲ್ಲವರು, ಧರ್ಮವಂತೆಯರು ಅಂತ ಹೊಗಳಿದ್ದಾರೆ. ಇನ್ನೊಂದು ಸೂಕ್ಷ್ಮ ಇದೆ. 27ನೇ ಅಧ್ಯಾಯದಲ್ಲಿ ನೋಆ ಎರಡನೆಯವಳು, 36ರಲ್ಲಿ ಅವಳ ಹೆಸರು ಕೊನೆಗೆ ಬರುತ್ತದೆ. ಹೆಸರುಗಳ ಕ್ರಮ ಬದಲಾಗಿರುವುದರಿಂದ ಐವರೂ ಸರಿಸಮ ಅಂತ ಹಳಬರು ಅರ್ಥ ಮಾಡಿದ್ದಾರೆ.

ನಮ್ಮಲ್ಲಿ ಹುಟ್ಟಿನಿಂದಲೇ ಮಗಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಗನ ಹಾಗೇ ಹಕ್ಕು ಅಂತ ಕರ್ನಾಟಕ ತಿದ್ದುಪಡಿ ತಂದದ್ದು 1994ರಲ್ಲಿ. ಅದೂ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟು. ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಅಪ್ಪ ಅಷ್ಟು ಹೊತ್ತಿಗೆ ಬದುಕಿರಬೇಕಾ ಬೇಡವಾ ಅನ್ನುವ ಜಗಳ ಸುಪ್ರೀಂ ಕೋರ್ಟಿನಲ್ಲಿ ಬಗೆಹರಿದದ್ದು 2020ರ ಆಗಸ್ಟ್‌ನಲ್ಲಿ. ನನಗೆ ಕೇಳಿದರೆ ಆ ಮಗುವಿಗೆ ಈ ಹೆಸರೇ ಇಡಿ.


ಹಾಸನದ ಸೋದರತ್ತೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈ ಕಥೆ ಅಮ್ಮನಿಗೆ ಹೇಳಿದೆ. ಆಸ್ತಿ ಕೇಳಿದ ಹುಡುಗಿ ಅಂದ ತಕ್ಷಣ ನಮ್ಮಪ್ಪ ಪೇಪರ್ ಮಡಿಸಿಟ್ಟು ನನ್ನ ಮುಖ ನೋಡಿದರು! ಆದರೆ ಅಮ್ಮನ ತಕರಾರು ಅರ್ಥದ್ದಲ್ಲ, ಸದ್ದಿನದು. ಅಲ್ಲಿಯವರಿಗೆ ಅದು ಚಲನೆಯೋ ಎಂಜಿನ್ನೋ ಆಗಿರಲಿ, ಇಲ್ಲಿ ಕರೆಯುವಾಗ ನೋವಾ ಅಂತಲೇ ತಾನೇ ಬರುವುದು ಅನ್ನುತ್ತಾರೆ.


ನಿವೃತ್ತ ಮೇಷ್ಟ್ರು:

ನಿಮ್ಮ ತಾಯಿಯವರು ಹೇಳುವುದು ಸರಿಯಮ್ಮ. ಕನ್ನಡದ ನಾಲಿಗೆ ಎರಡು ಸ್ವರಗಳನ್ನು ಒಟ್ಟೊಟ್ಟಿಗೆ ಇರಗೊಡುವುದಿಲ್ಲ. ಮಧ್ಯೆ ಒಂದು ಯಕಾರವನ್ನೋ ವಕಾರವನ್ನೋ ತಂದು ಕೂರಿಸುತ್ತದೆ. ಆಗಮ ಸಂಧಿ ಅಂತ ಎಂಟನೇ ಕ್ಲಾಸಿನಲ್ಲಿ ಓದಿರುತ್ತೀರಿ. ಗುರು ಮತ್ತು ಅನ್ನು ಸೇರಿದರೆ ಗುರುವನ್ನು, ಗೋ ಮತ್ತು ಇನ ಸೇರಿದರೆ ಗೋವಿನ. ಉಕಾರ ಓಕಾರಗಳ ನಂತರ ಸ್ವರ ಬಂದರೆ ವಕಾರ ತಾನಾಗಿಯೇ ಬರುತ್ತದೆ. ಆದ್ದರಿಂದ ನೋ ಆದ ಮೇಲೆ ಆ ಬಂದರೆ ನಾವು ನೋವಾ ಅನ್ನುವುದು ತಪ್ಪಲ್ಲ, ಭಾಷೆಯ ಅಭ್ಯಾಸ.

ವಕಾರ ಬೇಡ, ಯಕಾರ ಹಾಕಿ ನೋಯಾ ಅಂತ ಬರೆಯೋಣ ಅಂದುಕೊಂಡರೆ ಅದೂ ಅದೇ ಗುಂಡಿ. ನೋಯು, ನೋವು, ನೊಂದ ಎಲ್ಲ ಒಂದೇ ಬೇರಿನವು. ತಮಿಳಿನಲ್ಲಿ ‘ನೋಯ್’ ಅಂದರೆ ಕಾಯಿಲೆ. ದ್ರಾವಿಡ ಭಾಷೆಗಳಲ್ಲಿ ಈ ‘ನೋ’ ಬಹಳ ಹಳೆಯದು.

ಒಂದು ಉಪಾಯ ಇದೆ. ಹಕಾರ ಸೇರಿಸಿ ನೋಹಾ ಅಂತ ಬರೆಯಿರಿ. ಕೇಳಲು ಮೃದುವಾಗಿದೆ.


ಕೊಡಗಿನ ಕಾಫಿ:

ಗೋವಾ ಕೂಡ ಹೀಗೇ ಆಗಿದ್ದಲ್ವಾ ಮೇಷ್ಟ್ರೇ? ಇಂಗ್ಲಿಷಿನಲ್ಲಿ ವಕಾರವೇ ಇಲ್ಲ.


ನಿವೃತ್ತ ಮೇಷ್ಟ್ರು:

ಅಲ್ಲ. ಗೋವೆ ಅನ್ನುವುದು ಹಳೆಯ ರೂಪ, ಗೋವೆಯ ಕದಂಬರು ಅಂತ ಓದಿಲ್ಲವೇ? ಅಲ್ಲಿ ವಕಾರ ಮೊದಲಿನಿಂದಲೂ ಇತ್ತು, ಬಿಟ್ಟವರು ಪೋರ್ಚುಗೀಸರು. ನಿಮಗೆ ಉದಾಹರಣೆ ಬೇಕಾದರೆ ಸಮೋವಾ ದ್ವೀಪ ತೆಗೆದುಕೊಳ್ಳಿ.


ಅಲೆಫ್ ಬೇತ್:

ಮೇಷ್ಟ್ರೇ, ಹಕಾರ ಮಾತ್ರ ಬೇಡ! ಇಷ್ಟು ಹೊತ್ತು ಹಡಗಿನವನಿಂದ ಬಿಡಿಸಿ ತಂದ ಹುಡುಗಿಯನ್ನು ಮತ್ತೆ ಹಡಗಿಗೇ ಹತ್ತಿಸಿದ ಹಾಗಾಗುತ್ತದೆ. ಕನ್ನಡ ಬೈಬಲ್‌ನಲ್ಲಿ ಅವನೇ ನೋಹ.

ಅಮ್ಮನವರಿಗೆ ಸಮಾಧಾನ ಆಗುವುದಾದರೆ ಇನ್ನೊಂದು ಮಾತು. ಆ ಐವರಲ್ಲಿ ದೊಡ್ಡವಳ ಹೆಸರು ಮಹ್ಲಾ. ಹೀಬ್ರೂವಿನಲ್ಲಿ ಕಾಯಿಲೆಗೆ ‘ಮಹಲಾ’ ಅನ್ನುತ್ತಾರೆ. ಅವರ ಭಾಷೆಯಲ್ಲೇ ಅಷ್ಟು ಹತ್ತಿರದ ಸದ್ದು, ಆದರೂ ಇಟ್ಟಿದ್ದಾರೆ. ಹೊಗ್ಲಾ ಅಂದರೆ ಕೌಜುಗ, ಮಿಲ್ಕಾ ಅಂದರೆ ರಾಣಿ ಅನ್ನುವ ಅರ್ಥ, ತಿರ್ತ್ಸಾ ಅಂದರೆ ಮೆಚ್ಚುಗೆಯಾಗುವಂಥವಳು.

ಇವು ಬರೀ ಕಥೆಯ ಹೆಸರುಗಳೂ ಅಲ್ಲ. 1910ರಲ್ಲಿ ಸಮಾರ್ಯದಲ್ಲಿ, ಅಂದರೆ ಈಗಿನ ನಾಬ್ಲಸ್ ಹತ್ತಿರ, ಅಗೆಯುವಾಗ ಮಡಕೆ ಚೂರುಗಳ ಮೇಲೆ ಮಸಿಯಲ್ಲಿ ಬರೆದ ಚೀಟಿಗಳು ಸಿಕ್ಕವು. ಕ್ರಿಸ್ತಪೂರ್ವ 8ನೇ ಶತಮಾನದವು. ಯಾವ ಕಡೆಯಿಂದ ಎಷ್ಟು ಕೊಡ ಹಳೇ ವೈನ್ ಬಂತು, ಎಣ್ಣೆ ಬಂತು ಅನ್ನುವ ಲೆಕ್ಕ. ಅದರಲ್ಲಿ ನೋಆ, ಹೊಗ್ಲಾ ಎರಡೂ ಪ್ರದೇಶದ ಹೆಸರುಗಳಾಗಿ ಬಂದಿವೆ, ಅಯಿನ್ ಅಕ್ಷರ ಸಮೇತ. ಆ ಜಾಗ ಇರುವುದೂ ಈ ಹುಡುಗಿಯರ ಮನಸ್ಸೆ ಕುಲದ ಸೀಮೆಯಲ್ಲೇ. ಹಾಗಾಗಿ ಆ ಕಡೆಯ ಮನೆತನಗಳ ಹೆಸರುಗಳೇ ಕಥೆಯಲ್ಲಿ ಅಕ್ಕತಂಗಿಯರಾಗಿವೆ ಅನ್ನುವ ವಿದ್ವಾಂಸರಿದ್ದಾರೆ. ವಕೀಲರಿಗೆ ಇದು ಇಷ್ಟವಾಗಬಹುದು, ಜಮೀನು ಅವರ ಹೆಸರಲ್ಲೇ ಉಳಿದಿತ್ತು.


ಕಲಬುರಗಿ ಬಿಸಿಲು:

ನೋವು ಅಂತ ಇಷ್ಟು ತಲೆ ಕೆಡಿಸಿಕೊಂಡಿದ್ದೀರಿ, ಅಸಲಿಗೆ ಅಳು ಇರುವುದು ಆ ಗಂಡು ಹೆಸರಿನಲ್ಲಿ. ನಮ್ಮಲ್ಲಿ ಅದೇ ಪ್ರವಾದಿ ನೂಹ್, ಅವರ ಹೆಸರಿನಲ್ಲೇ ಕುರ್‌ಆನ್‌ನ 71ನೇ ಅಧ್ಯಾಯ ಇದೆ. ಅರಬ್ಬಿಯಲ್ಲಿ ಅದೇ ಅಕ್ಷರಗಳ ಧಾತುವಿಗೆ ಗೋಳಾಡಿ ಅಳು ಅನ್ನುವ ಅರ್ಥ. ಮೊಹರಂನಲ್ಲಿ ಹಾಡುವ ಶೋಕಗೀತೆಗೆ ನೌಹಾ ಅನ್ನುತ್ತೇವಲ್ಲ, ಅದೇ. ತಮ್ಮ ಜನರಿಗಾಗಿ ತುಂಬಾ ಅತ್ತಿದ್ದಕ್ಕೆ ನೂಹ್ ಅಂತ ಹೆಸರು ಬಂತು ಅಂತ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಹೀಬ್ರೂವಿನಲ್ಲಿ ವಿಶ್ರಾಂತಿ, ಅರಬ್ಬಿ ಕಿವಿಗೆ ಅಳು. ಆದರೂ ಮಕ್ಕಳಿಗೆ ಇಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ.

ಬರೆಯುವ ವಿಷಯಕ್ಕೆ ಬಂದರೆ ಇಷ್ಟು ಚರ್ಚೆಯೇ ಬೇಡ ಅಕ್ಕ. ನಾವು ಕನ್ನಡದಲ್ಲಿ ‘ದುಆ’ ಅಂತ ಬರೆಯುವುದಿಲ್ಲವಾ? ಅದರ ಮಧ್ಯೆ ಇರುವುದೂ ಇದೇ ಐನ್. ಕೆಲವರು ಬಾಯಲ್ಲಿ ದುವಾ ಅನ್ನುತ್ತಾರೆ, ಬರೆಯುವಾಗ ದುಆ. ಕುರ್‌ಆನ್ ಬರೆಯುವಾಗಲೂ ಪದದ ಮಧ್ಯೆ ಆ ಬರುತ್ತದೆ. ಅದೇ ರೀತಿ ‘ನೋಆ’ ಅಂತ ಬರೆಯಿರಿ, ಮುಗಿಯಿತು.


ನಿವೃತ್ತ ಮೇಷ್ಟ್ರು:

ದುಆ ಒಳ್ಳೆಯ ಉದಾಹರಣೆ. ಒಪ್ಪಿದೆ. ಕರೆಯುವಾಗ ‘ನೋ’ ಸ್ವಲ್ಪ ಎಳೆದು, ಒಂದು ಕ್ಷಣ ನಿಲ್ಲಿಸಿ ‘ಆ’ ಅನ್ನಿ. ಪ್ರಶ್ನೆಯ ರಾಗ ಬರದ ಹಾಗೆ ನೋಡಿಕೊಳ್ಳಿ. ನೋವಾ ಅನ್ನಿಸುವುದು ಅರ್ಧ ವಕಾರದಿಂದ, ಇನ್ನರ್ಧ ಕೊನೆಯಲ್ಲಿ ದನಿ ಏರಿಸುವುದರಿಂದ.


ಪಿತ್ರಾರ್ಜಿತ:

ನೋಆ ಅಂತ ಒಬ್ಬ ಹಾಡುಗಾರ್ತಿಯೂ ಇದ್ದಾರಲ್ಲ, ಇಸ್ರೇಲಿನವರು? ಅವರ ಹೆಸರೂ ಇದೇನಾ?


ಅಲೆಫ್ ಬೇತ್:

ಅಲ್ಲ, ಅದು ಮೂರನೇ ಕಥೆ. ಅವರ ಪೂರ್ತಿ ಹೆಸರು ಅಖಿನೋಅಮ್ ನಿನಿ, ಕುಟುಂಬ ಯೆಮೆನ್ ಮೂಲದ್ದು. ಹೊರದೇಶದವರಿಗೆ ಸುಲಭವಾಗಲಿ ಅಂತ ಅದನ್ನೇ ಮೊಟಕು ಮಾಡಿ ನೋಆ ಆಗಿದೆ. ಅಲ್ಲಿರುವ ಧಾತು ಹಿತವಾದದ್ದು, ಇಂಪಾದದ್ದು ಅನ್ನುವ ಅರ್ಥದ್ದು. ನವೋಮಿ, ನೋಅಮ್ ಹೆಸರುಗಳಲ್ಲೂ ಅದೇ ಇದೆ. 2009ರ ಯೂರೋವಿಷನ್‌ನಲ್ಲಿ ಇವರು ಮೀರಾ ಅವ್ವಾದ್ ಅನ್ನುವ ಅರಬ್ ಗಾಯಕಿಯ ಜೊತೆ ಹೀಬ್ರೂ, ಅರಬ್ಬಿ, ಇಂಗ್ಲಿಷ್ ಸೇರಿಸಿ ಹಾಡಿದ್ದರು. ಮೀರಾ ಅನ್ನುವ ಹೆಸರು ಅಲ್ಲಿಯೂ ಇದೆ ಅಂತ ಕಾಫಿಯವರಿಗೆ ತಿಳಿಸುತ್ತಿದ್ದೇನೆ.


ಟುಲಿಪ್ ಕನ್ನಡಿಗ:

ನಾನೂ ನೆದರ್ಲೆಂಡ್ಸ್‌ನಲ್ಲೇ ಇದ್ದೇನೆ, ಯೂಟ್ರೆಕ್ಟ್ ಹತ್ತಿರ. ಇಲ್ಲಿ ಈ ಹೆಸರು ಹೇಗೆ ಅಂತ ಯಾರೂ ಹೇಳಲಿಲ್ಲವಲ್ಲ, ಮಗು ಬೆಳೆಯುವುದು ಇಲ್ಲಿ ತಾನೇ.

ಡಚ್ ಬೈಬಲ್‌ನಲ್ಲಿ ಹಡಗಿನವನು ‘ನೋಅಖ್’, ಹೆಚ್ಚುಕಡಿಮೆ ಹೀಬ್ರೂವಿನ ಹಾಗೇ, ಗಂಟಲು ಉಜ್ಜುವ ಸದ್ದು ಡಚ್ಚರಿಗೆ ನೀರು ಕುಡಿದಷ್ಟು ಸುಲಭ. ಇತ್ತೀಚೆಗೆ ಗಂಡುಮಕ್ಕಳಿಗೆ ಇಂಗ್ಲಿಷ್ ರೀತಿ ಕೊನೆಯಲ್ಲಿ ಎಚ್ ಹಾಕಿದ ಹೆಸರು ಭಾರೀ ಜನಪ್ರಿಯ, ವರ್ಷ ವರ್ಷ ಪಟ್ಟಿಯ ಮೇಲ್ಗಡೆಯೇ ಇರುತ್ತದೆ. ಎಚ್ ಇಲ್ಲದ್ದು ಹೆಚ್ಚಾಗಿ ಹೆಣ್ಣುಮಕ್ಕಳದು. ಕೇಳಲು ಎರಡೂ ಒಂದೇ. ಹಾಗಾಗಿ ಶಾಲೆಯಲ್ಲಿ ಹುಡುಗನಾ ಹುಡುಗಿಯಾ ಅನ್ನುವ ಗೊಂದಲ ಆಗಾಗ ಆಗುತ್ತದೆ, ಅದಕ್ಕೆ ಸಿದ್ಧರಿರಿ. ನಿಮ್ಮ ತಮ್ಮನಿಗೆ ಹೇಳಿ, ರಿಜಿಸ್ಟರ್ ಮಾಡಿಸುವಾಗ ಎಚ್ ಸೇರಿಕೊಳ್ಳದ ಹಾಗೆ ಎರಡು ಸಲ ನೋಡಿ ಸಹಿ ಹಾಕಲಿ. ಇಲ್ಲಿ ಹೆರಿಗೆಯಾದ ಮೂರು ದಿನದೊಳಗೆ ನಗರಸಭೆಯಲ್ಲಿ ಜನನ ನೋಂದಣಿ ಆಗಬೇಕು, ಹೆಸರೂ ಆಗಲೇ ಹೇಳಬೇಕು. ಊರಿಗೆ ಬಂದು ನಾಮಕರಣ ಮಾಡಿ ಆಮೇಲೆ ಹೇಳುತ್ತೇವೆ ಅಂದರೆ ನಡೆಯುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಭಾರತದ ಪಾಸ್‌ಪೋರ್ಟ್‌ನವರಾದರೆ ವರ್ಷದೊಳಗೆ ಹೇಗ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲೂ ನೋಂದಾಯಿಸಬೇಕು. ಅಲ್ಲಿ ಕಾಗುಣಿತ ಒಂದು ಅಕ್ಷರ ಬೇರೆ ಇದ್ದರೂ ಅಲೆದಾಟ ಶುರು.

ಇನ್ನೊಂದು ಅನುಕೂಲ ಇದೆ. ಇಲ್ಲಿ ಮಗುವಿಗೆ ಎರಡು ಮೂರು ಹೆಸರು ನೋಂದಾಯಿಸಬಹುದು. ಅದರಲ್ಲಿ ದಿನಾ ಕರೆಯುವ ಹೆಸರೇ ಬೇರೆ, ಅದಕ್ಕೆ ಡಚ್‌ನಲ್ಲಿ ‘ರೂಪ್‌ನಾಮ್’ ಅನ್ನುತ್ತಾರೆ. ನಿಜವಾಗಿಯೂ ಹಾಗೇ ಅನ್ನುತ್ತಾರೆ, ನಾನು ಹುಟ್ಟಿಸಿದ್ದಲ್ಲ. ಅಜ್ಜಿಗೆ ಇಷ್ಟವಾದ ಒಂದು ಹೆಸರನ್ನು ಜೊತೆಗೆ ಸೇರಿಸಿದರೆ ಹಾಸನದಲ್ಲಿ ಅದನ್ನೇ ಕರೆಯಲಿ.


ಕೊಡಗಿನ ಕಾಫಿ:

ನೋಹ ಅಲ್ಲ ಅನ್ನುವುದು ಒಪ್ಪಿದೆ. ಆದರೂ ಹೀಬ್ರೂ ಹೆಸರೇ ಬೇಕು ಅಂದರೆ ನಮ್ಮ ಕಿವಿಗೂ ಸರಿಹೋಗುವುದು ಬೇರೆ ಯಾವುದೂ ಇಲ್ಲವಾ?


ಅಲೆಫ್ ಬೇತ್:

ಬೇಕಾದಷ್ಟಿವೆ. ಮಾಯಾ ಅಲ್ಲಿ ತುಂಬಾ ಬಳಕೆಯ ಹೆಸರು, ‘ಮಾಯಿಮ್’ ಅಂದರೆ ನೀರು, ಅದಕ್ಕೆ ಹೊಂದಿಸಿಕೊಂಡಿದ್ದಾರೆ. ತಾಮಾರ್ ಅಂದರೆ ಖರ್ಜೂರದ ಮರ. ಆದಿ ಅಂದರೆ ಒಡವೆ, ಹೆಣ್ಣಿಗೂ ಗಂಡಿಗೂ ಇಡುತ್ತಾರೆ. ಟಾಲ್ ಅಂದರೆ ಇಬ್ಬನಿ. ಶಿರಾ ಅಂದರೆ ಹಾಡು, ಕವಿತೆ, ಬಹಳ ಒಳ್ಳೆಯ ಹೆಸರು, ಆದರೆ ನಮ್ಮವರು ತುಮಕೂರಿನಿಂದ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುತ್ತಾರೆ.


ಹಾಸನದ ಸೋದರತ್ತೆ:

ಶಿರಾ ಅಂದರೆ ನಮ್ಮನೆಯಲ್ಲಿ ತುಪ್ಪ ಎಷ್ಟು ಹಾಕಿದೆ ಅಂತ ಕೇಳುತ್ತಾರೆ, ಬೇಡ!

ಇದನ್ನೆಲ್ಲ ತಮ್ಮನಿಗೆ ಕಳಿಸಿದೆ. ಅವನ ಹೆಂಡತಿ ಐದು ಅಕ್ಕತಂಗಿಯರ ಕಥೆ ಓದಿ, ಇನ್ನು ಬೇರೆ ಹೆಸರಿನ ಮಾತೇ ಇಲ್ಲ ಅಂದಿದ್ದಾಳೆ. ಎಚ್ ವಿಷಯ ಅವರಿಗೆ ಗೊತ್ತೇ ಇರಲಿಲ್ಲ, ಬರೆದಿಟ್ಟುಕೊಂಡರು. ಅಮ್ಮ ಮಾತ್ರ ಈಗ ಇನ್ನೊಂದು ರಾಗ ತೆಗೆದಿದ್ದಾರೆ, ನಕ್ಷತ್ರದ ಅಕ್ಷರ ಬರದೆ ಯಾವ ಹೆಸರೂ ಕಿವಿಯಲ್ಲಿ ಹೇಳಕೂಡದು ಅಂತ.


ನಿವೃತ್ತ ಮೇಷ್ಟ್ರು:

ಪಂಚಾಂಗ ತೆಗೆದು ನೋಡಿ. ಜ್ಯೇಷ್ಠಾ ನಕ್ಷತ್ರದ ಅಕ್ಷರಗಳು ನೋ, ಯ, ಯಿ, ಯು. ಮಗು ಜ್ಯೇಷ್ಠಾ ಒಂದನೇ ಪಾದದಲ್ಲಿ ಹುಟ್ಟಿದರೆ ಪುರೋಹಿತರೇ ‘ನೋ’ ಅಂತ ಕೊಡುತ್ತಾರೆ. ಬೇರೆ ನಕ್ಷತ್ರವಾದರೆ ಅದರ ಅಕ್ಷರದ ಹೆಸರನ್ನು ಕಿವಿಯಲ್ಲಿ ಹೇಳಿ, ಕರೆಯುವ ಹೆಸರು ನೋಆ ಇರಲಿ. ನಮ್ಮಲ್ಲೂ ಎರಡು ಹೆಸರಿನ ಪದ್ಧತಿ ಇದೆಯಲ್ಲಮ್ಮ.


ಪಿತ್ರಾರ್ಜಿತ:

ಜ್ಯೇಷ್ಠಾ ಅಂದರೆ ಅಜ್ಜಿ ಇನ್ನೊಂದು ಸುತ್ತು ಗಾಬರಿಯಾಗುತ್ತಾರೆ ಮೇಷ್ಟ್ರೇ, ಹೆರಿಗೆ ಆಗುವ ತನಕ ಅದನ್ನು ಹೇಳುವುದು ಬೇಡ.